ಆರೋಗ್ಯ ಸಂಜೀವನಿ ಪಾಲಿಸಿ: ಮೂರು ವರ್ಷ, ಎರಡು ಆಪರೇಷನ್, ನನ್ನ ಲೆಕ್ಕ

ಹಾಸನದಲ್ಲಿ ನಂದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಬ್ಲೌಸು, ಫಾಲ್ಸು, ಚೂಡಿದಾರ. ನಮ್ಮನೆಯವರು ಸ್ವಂತ ಟಾಟಾ ಏಸ್ ಓಡಿಸುತ್ತಾರೆ. ಮಗಳು ಪಿಯುಸಿ. ಜೊತೆಗೆ ಅತ್ತೆ ಇದ್ದಾರೆ, ಎಪ್ಪತ್ತು ದಾಟಿದೆ, ಶುಗರ್ ಇದೆ. ನಮಗೆ ಪಿಎಫ್ ಇಲ್ಲ, ಇಎಸ್‌ಐ (ಸಂಬಳದ ಕೆಲಸದವರ ಸರ್ಕಾರಿ ಆರೋಗ್ಯ ವಿಮೆ) ಇಲ್ಲ, ತಿಂಗಳ ಸಂಬಳ ಅನ್ನೋದೇ ಇಲ್ಲ. ಕೆಲಸ ಮಾಡಿದ ದಿನ ದುಡ್ಡು, ಮಲಗಿದ ದಿನ ಸೊನ್ನೆ. ಇಂಥ ಮನೆಗೆ ಆರೋಗ್ಯ ವಿಮೆ ಬೇಕಾ ಬೇಡವಾ ಅಂತ ಅಂಗಡಿಗೆ ಬರುವವರು ಆಗಾಗ ಕೇಳುತ್ತಾರೆ, ನಾನು ಎರಡು ಸಲ ಕ್ಲೇಮು ಮಾಡಿದ್ದು ಅವರಿಗೆ ಗೊತ್ತಲ್ವಾ. ಪ್ರತಿ ಸಲ ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಇದೇನು ಅಂತ. ಆರೋಗ್ಯ ಸಂಜೀವನಿ ಅನ್ನೋದು ಒಂದು ಕಂಪನಿಯ ಪಾಲಿಸಿ ಅಲ್ಲ. 2020ರ ಏಪ್ರಿಲ್‌ನಿಂದ ಆರೋಗ್ಯ ವಿಮೆ ಮಾರುವ ಎಲ್ಲ ಕಂಪನಿಗಳೂ ಇದೇ ಹೆಸರಲ್ಲಿ, ಇದೇ ನಿಯಮದಲ್ಲಿ ಒಂದು ಸಾದಾ ಪಾಲಿಸಿ ಮಾರಬೇಕು ಅಂತ ವಿಮೆ ಕಂಪನಿಗಳಿಗೆ ನಿಯಮ ಹಾಕುವ ಐಆರ್‌ಡಿಎ ಹೇಳಿತು. ನಿಯಮ ಎಲ್ಲ ಕಡೆ ಒಂದೇ, ರೇಟು ಮಾತ್ರ ಬೇರೆ ಬೇರೆ. ಸರ್ಕಾರಿ ನೌಕರರಿಗೆ ಅಂತ ನಮ್ಮ ರಾಜ್ಯದಲ್ಲಿ ಸುಮಾರು ಇದೇ ಹೆಸರಿನ ಇನ್ನೊಂದು ಯೋಜನೆ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಬ್ಬರು ಅದೇ ಇದು ಅಂದುಕೊಂಡು ನನ್ನ ಜೊತೆ ಅರ್ಧ ಗಂಟೆ ವಾದ ಮಾಡಿದರು.

ನಾನು ತಗೊಂಡಿದ್ದು 2022ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚೆ ಎರಡು ವರ್ಷ ಬೇಡ ಅಂತಲೇ ಹೇಳಿದ್ದೆ. ಆ ದುಡ್ಡಲ್ಲಿ ಒಂದು ಚೀಟಿ ಹಾಕಬಹುದು, ಕಾಯಿಲೆ ಬರದಿದ್ದರೆ ದುಡ್ಡಾದರೂ ಕೈಗೆ ಬರುತ್ತೆ ಅನ್ನೋದು ನನ್ನ ವಾದ. ಈಗಲೂ ಅದನ್ನ ಪೂರ್ತಿ ತಪ್ಪು ಅನ್ನಲ್ಲ. ಆದರೆ 2021ರಲ್ಲಿ ಕೊರೋನಾ ಎರಡನೇ ಅಲೆಯಲ್ಲಿ ನಮ್ಮ ಭಾವನವರು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಮನೆಮಂದಿ ಎಲ್ಲ ಸೇರಿ ಮೂರು ಲಕ್ಷ ನಲವತ್ತು ಸಾವಿರ ಹೊಂದಿಸಿದೆವು. ಅದರಲ್ಲಿ ನನ್ನ ನಾಲ್ಕು ಬಳೆಯೂ ಇತ್ತು. ಭಾವ ಉಳಿದುಕೊಂಡರು, ಅದೇ ದೊಡ್ಡದು. ಬಳೆ ಮಾತ್ರ ಬ್ಯಾಂಕಿಂದ ಬಿಡಿಸಿಕೊಳ್ಳೋಕೆ ಎರಡು ವರ್ಷ ಹಿಡಿಯಿತು. ಪಾಲಿಸಿ ಫಾರಂಗೆ ಸಹಿ ಹಾಕಿದ ದಿನವೂ ಅವು ಇನ್ನೂ ಬ್ಯಾಂಕಲ್ಲೇ ಇದ್ದವು. ಅವತ್ತು ಇದ್ದ ಚೀಟಿ ಎತ್ತಿದ್ದರೂ ಐವತ್ತು ಸಾವಿರ ದಾಟುತ್ತಿರಲಿಲ್ಲ. ಚೀಟಿ ಸಾಲುವ ಕಾಯಿಲೆಗಳಿವೆ, ಸಾಲದ ಕಾಯಿಲೆಗಳಿವೆ. ಯಾವುದು ಬರುತ್ತೆ ಅಂತ ನಮ್ಮನ್ನು ಕೇಳಿ ಬರುವುದಿಲ್ಲ.

ಬೇರೆ ದಾರಿ ನೋಡಲಿಲ್ಲ ಅಂತಲ್ಲ. ನಮ್ಮದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜು ರೇಟಿನ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ರೇಟಿನ, ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಬರೆಸಿಕೊಳ್ಳಬೇಕು. ನಿಮ್ಮದು ಬಿಪಿಎಲ್ ಕಾರ್ಡ್ ಆಗಿದ್ದರೆ, ಸರ್ಕಾರಿ ಆಸ್ಪತ್ರೆಗೆ ಹೋಗೋಕೆ ಬೇಸರ ಇಲ್ಲದಿದ್ದರೆ, ನನ್ನ ಕೇಳಿದರೆ ಸದ್ಯಕ್ಕೆ ದುಡ್ಡು ಕೊಟ್ಟು ಪಾಲಿಸಿ ತಗೊಳ್ಳಬೇಡಿ. ನನ್ನ ತಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದಾನೆ. ಸಂಬಳ 21 ಸಾವಿರದ ಒಳಗೆ ಇರುವುದರಿಂದ ಇಎಸ್‌ಐ ಇದೆ. ಅವನ ಸಂಬಳದಲ್ಲಿ ಹಿಡಿಯೋದು ಮುಕ್ಕಾಲು ಪರ್ಸೆಂಟು. ಅವನಿಗೂ ಬೇಡ ಅಂತಲೇ ಹೇಳಿದ್ದೇನೆ.

ಈಗ ಫಾರಂ ತುಂಬಿಸಿದ ಸಂಜೆಯ ಕಥೆ. ಏಜೆಂಟ್ ಬೇರೆ ಯಾರೂ ಅಲ್ಲ, ನಮ್ಮನೆಯವರ ಚಿಕ್ಕಪ್ಪನ ಮಗ. ಅಂಗಡಿಯಲ್ಲೇ ಕೂತು ಕಟಿಂಗ್ ಟೇಬಲ್ ಮೇಲೆ ಲೈನಿಂಗ್ ಬಟ್ಟೆ ಸರಿಸಿ ಫಾರಂ ಬಿಚ್ಚಿದ. ಹೆಸರು, ಹುಟ್ಟಿದ ದಿನ, ಎತ್ತರ, ತೂಕ ಎಲ್ಲ ಬರಬರ ಬರೆದ. ಆಮೇಲೆ ಕಾಯಿಲೆಗಳ ಪಟ್ಟಿ ಬಂತು. ಉದ್ದಕ್ಕೂ ಇಲ್ಲ, ಇಲ್ಲ, ಇಲ್ಲ ಅಂತ ಟಿಕ್ ಹಾಕುತ್ತಾ ಹೋದ.

"ತಡಿ, ನಿಮ್ಮಣ್ಣನಿಗೆ ಬಿಪಿ ಇದೆಯಲ್ಲ" ಅಂದೆ.

"ಅತ್ತಿಗೆ, ಅದೆಲ್ಲ ಬರೀಬೇಡಿ. ಸುಮ್ನೆ ರೇಟ್ ಜಾಸ್ತಿ ಆಗುತ್ತೆ. ಟೆಸ್ಟು ಗಿಸ್ಟು ಅಂತಾರೆ. ಒಂದು ಮಾತ್ರೆ ತಾನೆ?"

ನಾನು ಇಪ್ಪತ್ತು ವರ್ಷದಿಂದ ಅಳತೆ ತಗೊಳ್ಳೋಳು. ಸೊಂಟದ ಅಳತೆ ಎರಡಿಂಚು ಕಡಿಮೆ ಬರೆಸಿ ಹೋಗುವವರು ಎಷ್ಟೋ ಜನ. ಆಮೇಲೆ ಹುಕ್ಕು ಕೂರಲ್ಲ ಅಂತ ನನ್ನ ಮೇಲೆಯೇ ಕೂಗಾಡುತ್ತಾರೆ. ಬರೆ ಅಂದೆ. ಅವನು ಮುಖ ಸಿಂಡರಿಸಿಕೊಂಡೇ ಬರೆದ. ಯಾವ ಮಾತ್ರೆ, ಎಷ್ಟು ವರ್ಷದಿಂದ, ಎಲ್ಲ. ಇವರನ್ನು ಒಂದು ಟೆಸ್ಟಿಗೆ ಕರೆದರು. ಪಾಲಿಸಿ ಹನ್ನೆರಡು ದಿನ ತಡವಾಗಿ ಬಂತು. ಪ್ರೀಮಿಯಂ ಮೊದಲು ಹೇಳಿದಷ್ಟೇ: ನಾವಿಬ್ಬರು, ಮಗಳು, ಮೂರು ಜನಕ್ಕೆ ಸೇರಿ ಐದು ಲಕ್ಷ. ವರ್ಷಕ್ಕೆ 10,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 11,800. ಬಿಪಿಗೆ ಸಂಬಂಧಪಟ್ಟದ್ದಕ್ಕೆ ನಾಲ್ಕು ವರ್ಷ ಕಾಯಬೇಕು ಅಂತ ಬರೆದಿತ್ತು. 2024ರಲ್ಲಿ ನಿಯಮ ಬದಲಾಯಿತು. ಆ ವರ್ಷದ ರಿನ್ಯೂವಲ್ ಕಾಗದದಲ್ಲಿ 48 ತಿಂಗಳು ಹೋಗಿ 36 ಆಗಿತ್ತು.

ಅತ್ತೆಯನ್ನು ಸೇರಿಸೋಕೆ ಆಗಲಿಲ್ಲ. ಆಗ ಹೊಸದಾಗಿ ಸೇರುವವರಿಗೆ 65 ವರ್ಷದ ಮಿತಿ ಇತ್ತು. ಮನೆಯಲ್ಲಿ ಆಸ್ಪತ್ರೆಗೆ ಹೆಚ್ಚು ಹೋಗುವವರು ಯಾರೋ ಅವರೇ ಪಾಲಿಸಿಯಿಂದ ಹೊರಗೆ. ಇದು ನನಗೆ ಇವತ್ತಿಗೂ ಕಸಿವಿಸಿ.

ಮೊದಲ ಕ್ಲೇಮು 2024ರ ಆಗಸ್ಟ್. ಇವರು ಅರಸೀಕೆರೆಗೆ ತೆಂಗಿನಕಾಯಿ ಲೋಡು ಬಿಟ್ಟು ಬಂದವರು ರಾತ್ರಿ ಊಟ ಬೇಡ ಅಂದರು. ಬೆಳಗ್ಗೆ ನೋಡಿದರೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದರು. ಅಪೆಂಡಿಕ್ಸ್. ಖಾಸಗಿ ಆಸ್ಪತ್ರೆಗೆ ಹೋದೆವು, ಹೆಸರು ಬೇಡ. ಅಡ್ಮಿಷನ್ ಕೌಂಟರ್‌ನಲ್ಲಿದ್ದ ಹುಡುಗಿ ಕಾರ್ಡ್ ನೋಡಿದ್ದೇ, "ಇನ್ಶೂರೆನ್ಸ್ ಇದೆಯಲ್ಲ ಮೇಡಂ, ಡಿಲಕ್ಸ್ ರೂಮ್ ತಗೊಳ್ಳಿ, 6,500" ಅಂದಳು.

ಇಲ್ಲೇ ಎಷ್ಟೋ ಜನ ಬೀಳೋದು. ಈ ಪಾಲಿಸಿಯಲ್ಲಿ ರೂಮ್ ಬಾಡಿಗೆ ವಿಮೆ ಮೊತ್ತದ 2 ಪರ್ಸೆಂಟು, ಆದರೆ ದಿನಕ್ಕೆ 5,000 ದಾಟಬಾರದು. ಐಸಿಯು ಆದರೆ 5 ಪರ್ಸೆಂಟು, 10,000 ದಾಟಬಾರದು. 6,500ರ ರೂಮು ತಗೊಂಡರೆ ಮೇಲಿನ 1,500 ಕೊಟ್ಟರೆ ಮುಗಿಯಿತು ಅಂದುಕೊಳ್ಳುತ್ತೀರಿ. ಹಾಗಲ್ಲ. ಡಾಕ್ಟರ್ ಫೀಸು, ಥಿಯೇಟರ್ ಚಾರ್ಜು ಎಲ್ಲದರಲ್ಲೂ ಅದೇ ಲೆಕ್ಕದಲ್ಲಿ ಕಡಿಯುತ್ತಾರೆ, ಹತ್ತಿರ ಹತ್ತಿರ ಕಾಲು ಭಾಗ. ರೂಮು ದೊಡ್ಡದಾದಂತೆ ಆಸ್ಪತ್ರೆಯಲ್ಲಿ ಆ ಚಾರ್ಜುಗಳೂ ಏರುತ್ತವೆ, ಅದಕ್ಕೆ. ಏಜೆಂಟ್ ಮೈದುನ ಇದನ್ನ ಹೇಳಿರಲಿಲ್ಲ. ನಾನೇ ಒಂದು ಭಾನುವಾರ ಪಾಲಿಸಿ ಪುಸ್ತಕ ಇಟ್ಟುಕೊಂಡು ಮಗಳ ಹತ್ತಿರ ಓದಿಸಿದ್ದೆ. ಅವಳು ಇಂಗ್ಲಿಷಲ್ಲಿ ಓದೋದು, ಆಮೇಲೆ ಕನ್ನಡದಲ್ಲಿ ಹೇಳೋದು, ಮಧ್ಯೆ ಮಧ್ಯೆ ಆಕಳಿಸೋದು. ಆ ಭಾನುವಾರ ಬಹಳ ದುಡ್ಡು ಉಳಿಸಿತು. 3,500ರ ರೂಮು ತಗೊಂಡೆವು. ಅದರಲ್ಲೂ ಟಿವಿ ಇತ್ತು.

ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕೊಡೋದು) ಅಂದರೂ 15,000 ಡೆಪಾಸಿಟ್ ಕಟ್ಟಿಸಿಕೊಂಡರು. ಕಂಪನಿಯಿಂದ ಮೊದಲ ಒಪ್ಪಿಗೆ ಎರಡು ಗಂಟೆಯಲ್ಲಿ ಬಂತು. ಆಪರೇಷನ್ ಆಯಿತು. ಎಲ್ಲ ಸಲೀಸು ಅಂದುಕೊಂಡೆ.

ಮೂರನೇ ದಿನ ಬೆಳಗ್ಗೆ 11 ಗಂಟೆಗೆ ಡಾಕ್ಟರ್ ಡಿಸ್ಚಾರ್ಜ್ ಬರೆದರು. ಇವರು ಪಂಚೆ ಬಿಟ್ಟು ಪ್ಯಾಂಟ್ ಹಾಕಿಕೊಂಡು ಮಂಚದ ತುದಿಯಲ್ಲಿ ಕೂತರು. ಹನ್ನೆರಡಾಯಿತು. ಒಂದಾಯಿತು. ಇನ್ಶೂರೆನ್ಸ್ ಡೆಸ್ಕಿಗೆ ಹೋದರೆ "ಟಿಪಿಎಯಿಂದ ಕ್ವೆರಿ ಬಂದಿದೆ" ಅಂದರು. ಟಿಪಿಎ ಅಂದರೆ ಕಂಪನಿಯ ಪರವಾಗಿ ಕ್ಲೇಮು ನೋಡುವವರು. ಏನು ಕ್ವೆರಿ? ಕೇಸ್ ಶೀಟಲ್ಲಿ ಬಿಪಿ ಅಂತ ಇದೆ, ಎಷ್ಟು ವರ್ಷದಿಂದ ಇದೆ, ಪಾಲಿಸಿ ತಗೊಳ್ಳುವಾಗ ಹೇಳಿದ್ದಿರಾ? ಅಪೆಂಡಿಕ್ಸಿಗೂ ಬಿಪಿಗೂ ಏನು ಸಂಬಂಧ ಅಂತ ಕೇಳಿದೆ. ಡೆಸ್ಕಿನ ಹುಡುಗ ಪಾಪ ಒಳ್ಳೆಯವನು. "ಅಕ್ಕ, ಸಂಬಂಧ ಇಲ್ಲ. ಆದರೆ ಮುಚ್ಚಿಟ್ಟಿದ್ದೀರಿ ಅಂತಾದ್ರೆ ಅದನ್ನೇ ಹಿಡ್ಕೋತಾರೆ" ಅಂದ. ಬ್ಯಾಗಲ್ಲಿ ಫಾರಂ ಝೆರಾಕ್ಸ್ ಇತ್ತು. ತೆಗೆದು ಕೊಟ್ಟೆ. ಬಿಪಿ, ಎರಡು ವರ್ಷದಿಂದ, ಮಾತ್ರೆಯ ಹೆಸರು, ಮೈದುನನ ಕೈಬರಹ. ಕೇಸ್ ಶೀಟಲ್ಲಿ ನಾಲ್ಕು ವರ್ಷ ಅಂತಿತ್ತು. ಪಾಲಿಸಿಗೆ ಹತ್ತಿರ ಹತ್ತಿರ ಎರಡು ವರ್ಷ ಆಗಿತ್ತಲ್ಲ, ಲೆಕ್ಕ ತಾಳೆಯಾಯಿತು.

ಅದನ್ನ ಸ್ಕ್ಯಾನ್ ಮಾಡಿ ಕಳಿಸಿ ಒಪ್ಪಿಗೆ ಬರುವಾಗ ಸಂಜೆ 6:40. ಹತ್ತಿರ ಹತ್ತಿರ ಏಳೂಮುಕ್ಕಾಲು ಗಂಟೆ. ಅಷ್ಟರಲ್ಲಿ ರೂಮಿಗೆ ಇನ್ನೊಂದು ದಿನದ ಬಾಡಿಗೆ ಹಾಕುತ್ತೇವೆ ಅಂತ ಆಸ್ಪತ್ರೆಯವರು ಶುರು ಮಾಡಿದ್ದರು. ಜಗಳ ಆಡಿ ತೆಗೆಸಿದೆ. ಡಿಸ್ಚಾರ್ಜ್ ಕಾಗದ ಹೋದ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು, ತಡವಾಗಿ ಹೆಚ್ಚಿಗೆ ಖರ್ಚು ಬಂದರೆ ಅದನ್ನ ಕಂಪನಿಯೇ ಹೊರಬೇಕು ಅಂತ ಆ ವರ್ಷವೇ ಐಆರ್‌ಡಿಎ ಸುತ್ತೋಲೆ ಹೊರಡಿಸಿತ್ತಂತೆ. ನನಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. ಅವತ್ತೇ ಗೊತ್ತಿದ್ದರೆ ಜಗಳಕ್ಕೆ ಇನ್ನೊಂಚೂರು ಬಲ ಇರುತ್ತಿತ್ತು.

ಬಿಲ್ಲು 86,400. ಅದರಲ್ಲಿ ಗ್ಲೌಸು, ಮಾಸ್ಕು, ಇಸಿಜಿಗೆ ಅಂಟಿಸುವ ಬಿಲ್ಲೆ, ಯೂರಿನ್ ಜಗ್ಗು, ನನ್ನ ಮೂರು ದಿನದ ಊಟ, ಹೀಗೆ 6,400 ಕಳೆದರು. ಉಳಿದ 80,000ಕ್ಕೆ 5 ಪರ್ಸೆಂಟ್ ಕೋ-ಪೇ, 4,000. ಈ ಪಾಲಿಸಿಯಲ್ಲಿ ಯಾವ ಕ್ಲೇಮಾದರೂ ನೂರಕ್ಕೆ ಐದು ನಮ್ಮದೇ. ಕಂಪನಿ ಕೊಟ್ಟಿದ್ದು 76,000, ನಾವು ಕೊಟ್ಟಿದ್ದು 10,400. ಯೂರಿನ್ ಜಗ್ಗಿಗೆ ದುಡ್ಡು ಕೊಟ್ಟಿದ್ದೀವಲ್ಲ ಅಂತ ಅದನ್ನ ಮನೆಗೆ ತಂದೆ. ಇವರು ಈಗಲೂ ಅದಕ್ಕೆ ನಗುತ್ತಾರೆ.

ಎರಡನೆಯದು ನಂದು. ಇದನ್ನ ಬರೆಯೋದೋ ಬೇಡವೋ ಅಂತ ಯೋಚಿಸಿದೆ. ಹೆಂಗಸರು ಓದಲಿ ಅಂತ ಬರೆಯುತ್ತಿದ್ದೇನೆ. ಅದೇ 2024ರ ಮಾರ್ಚ್‌ನಲ್ಲಿ ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆ ಅಂತ ಗೊತ್ತಾಯಿತು. ಫೈಬ್ರಾಯ್ಡ್. ಕ್ಯಾನ್ಸರ್ ಅಲ್ಲ, ಹೆದರಬೇಡಿ, ಆದರೆ ತೆಗೆಸೋದು ಒಳ್ಳೇದು ಅಂದರು ಡಾಕ್ಟರಮ್ಮ. ಪಾಲಿಸಿ ಪುಸ್ತಕ ತೆಗೆದು ನೋಡಿದರೆ ಮೊದಲ 24 ತಿಂಗಳು ಕೊಡದ ಕಾಯಿಲೆಗಳದ್ದೇ ಒಂದು ಪಟ್ಟಿ. ಹರ್ನಿಯಾ, ಮೂಲವ್ಯಾಧಿ, ಕಣ್ಣಿನ ಪೊರೆ, ಕಿಡ್ನಿ ಕಲ್ಲು, ಪಿತ್ತಕೋಶದ ಕಲ್ಲು, ಗರ್ಭಕೋಶ ತೆಗೆಯೋದು. ನಂದು ಆಗ 17ನೇ ತಿಂಗಳು.

ಕಾಯಬಹುದಾ ಅಂತ ಕೇಳಿದೆ. "ಕಾಯಬಹುದು. ರಕ್ತ ಕಡಿಮೆ ಆಗದ ಹಾಗೆ ನೋಡ್ಕೊಳ್ಳಿ" ಅಂದರು. ಕಬ್ಬಿಣದ ಮಾತ್ರೆ, ಖರ್ಜೂರ, ಸೊಪ್ಪು. ತಿಂಗಳಲ್ಲಿ ಆರೇಳು ದಿನ ಮಷಿನ್ ಮುಂದಿನಿಂದ ಏಳುವಾಗ ಮೊದಲು ಸ್ಟೂಲಿನ ಮೇಲೆ ಹಾಸಿದ ಬಟ್ಟೆ ನೋಡಿಕೊಳ್ಳುತ್ತಿದ್ದೆ. ಗಿರಾಕಿ ಇದ್ದರೆ ಏಳುತ್ತಲೇ ಇರಲಿಲ್ಲ, "ಅಲ್ಲೇ ಇದೆ ನೋಡಿ ಕವರು, ನೀವೇ ತಗೊಳ್ಳಿ" ಅನ್ನುತ್ತಿದ್ದೆ. ಗೌರಿ ಹಬ್ಬ, ದಸರಾ, ದೀಪಾವಳಿ ಎಲ್ಲ ಹಾಗೇ ಕಳೆಯಿತು. ಟೈಲರ್‌ಗೆ ಹಬ್ಬದಲ್ಲಿ ರಜಾ ಇಲ್ಲ ಅನ್ನೋದೂ ಒಂದು ಕಾರಣ, ಪೂರ್ತಿ ಪಾಲಿಸಿಯ ಮೇಲೆ ಹಾಕಲ್ಲ. ಆದರೂ ನನ್ನ ಮೈಯ ಆಪರೇಷನ್ ಯಾವಾಗ ಅಂತ ಡಾಕ್ಟರಮ್ಮ, ನಾನು, ಮನೆಯವರು ಯಾರೂ ಹೇಳಲಿಲ್ಲ. ಒಂದು ಪುಸ್ತಕದ ಒಂದು ಪಟ್ಟಿ ಹೇಳಿತು. ಪಾಲಿಸಿ ಇಲ್ಲದಿದ್ದರೆ ಬೇಗ ಮಾಡಿಸುತ್ತಿದ್ದೆನಾ? ಅದೂ ಇಲ್ಲ. ಸಾಲ ಯಾರು ಮಾಡ್ತಾರೆ ಅಂತ ಇನ್ನೂ ಮುಂದಕ್ಕೆ ಹಾಕುತ್ತಿದ್ದೆ. ನನಗೆ ನಾನು ಗೊತ್ತಲ್ಲ.

ಡಿಸೆಂಬರ್‌ನಲ್ಲಿ ಆಯಿತು. ಬಿಲ್ಲು 1,12,000. ಕೊಡದ ಐಟಂಗಳು 7,000, ಕೋ-ಪೇ 5,250, ಕಂಪನಿ ಕೊಟ್ಟಿದ್ದು 99,750. ಗಡ್ಡೆ ಪಾಲಿಸಿಗೆ ಮುಂಚಿನದ್ದಾ ಅಂತ ಕೇಳಿ ಮೊದಲ ಸ್ಕ್ಯಾನ್ ರಿಪೋರ್ಟ್ ತರಿಸಿಕೊಂಡರು. ಕೊಟ್ಟೆ. ಈ ಸಲ ಡಿಸ್ಚಾರ್ಜ್ ಎರಡೂವರೆ ಗಂಟೆಯಲ್ಲಿ ಮುಗಿಯಿತು. ಕಂಪನಿ ಅದೇ, ಆಸ್ಪತ್ರೆ ಬೇರೆ. ಹಾಗಾಗಿ ಮೊದಲ ಸಲ ತಪ್ಪು ಯಾರದ್ದು ಅಂತ ಈಗ ನನಗೆ ಅನುಮಾನ.

ಆಸ್ಪತ್ರೆ ಸೇರುವ ಮುಂಚಿನ 30 ದಿನದ್ದು, ಬಿಟ್ಟ ಮೇಲಿನ 60 ದಿನದ್ದು ಔಷಧಿ, ಟೆಸ್ಟಿನ ಖರ್ಚು ಕೂಡ ಕೇಳಬಹುದು. ನಾನು ಕೇಳಿದ್ದು 4,100, ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ. ಯಾಕಂದರೆ ಬೀದಿ ತುದಿಯ ಮೆಡಿಕಲ್ ಶಾಪಿನವರು ಬಿಲ್ಲಿನ ಬದಲು ಹರಿದ ಹಾಳೆಯಲ್ಲಿ ಪೆನ್ನಲ್ಲಿ ಬರೆದು ಕೊಟ್ಟಿದ್ದರು. ತಪ್ಪು ನಂದೇ, ಕೇಳಿ ಬಿಲ್ ಹಾಕಿಸಬೇಕಿತ್ತು. ಇನ್ನು ಆಸ್ಪತ್ರೆಗೆ ಸೇರದೆ ತೋರಿಸಿಕೊಂಡು ಬರುವ ಜ್ವರ, ಹಲ್ಲು, ಕನ್ನಡಕ ಯಾವುದಕ್ಕೂ ಇದರಿಂದ ಹತ್ತು ಪೈಸೆ ಬರಲ್ಲ. ಒಂದು ರಾತ್ರಿ ಡ್ರಿಪ್ ಹಾಕಿಸಿಕೊಂಡು ಕ್ಲೇಮು ಮಾಡ್ತೀನಿ ಅನ್ನುವವರಿಗೆ ಈ ಪಾಲಿಸಿ ಅಲ್ಲ.

ಲೆಕ್ಕ ಕೇಳುವವರಿಗೆ ಲೆಕ್ಕ. ನಾಲ್ಕು ಸಲ ಕಟ್ಟಿದ್ದು 11,800, 11,800, 12,980, 13,400. ಒಟ್ಟು ಐವತ್ತು ಸಾವಿರಕ್ಕೆ ಇಪ್ಪತ್ತು ರೂಪಾಯಿ ಕಡಿಮೆ. ಎರಡು ಆಸ್ಪತ್ರೆ ಬಿಲ್ಲಿಗೆ ಬಂದಿದ್ದು 1,75,750. ನಾಲ್ಕನೇ ಸಲ ಕಟ್ಟುವ ಹೊತ್ತಿಗೆ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗೆದಿದ್ದರು. ಎರಡು ಸಾವಿರ ಉಳಿಯಿತು ಅಂತ ಖುಷಿಯಾಗಿದ್ದೆ. ನೋಡಿದರೆ ಇವರಿಗೆ 45 ದಾಟಿತ್ತು, ಮೂಲ ಪ್ರೀಮಿಯಂ ಏರಿತ್ತು. ಸರ್ಕಾರ ಬಿಟ್ಟಿದ್ದನ್ನ ವಯಸ್ಸು ತಗೊಂಡಿತು.

ನಮಗೆ ಲಾಭ ಆಯಿತು ಅಂತ ನಾದಿನಿ ಹೇಳುತ್ತಾಳೆ. ಎರಡು ಸಲ ಹೊಟ್ಟೆ ಕೊಯ್ಯಿಸಿಕೊಂಡ ಮನೆಗೆ ಅದೆಂಥ ಲಾಭ! ಅವಳು ಇದೇ ಪಾಲಿಸಿ ನಾಲ್ಕು ವರ್ಷದಿಂದ ಕಟ್ಟುತ್ತಿದ್ದಾಳೆ, ಒಂದು ದಿನ ಆಸ್ಪತ್ರೆಗೆ ಹೋಗಿಲ್ಲ. ಅವಳದ್ದೇ ಲಾಭ ಅಂತೀನಿ ನಾನು. ಅವಳು ಒಪ್ಪಲ್ಲ.

ನನ್ನ ಹತ್ತಿರ ಬಟ್ಟೆ ಹೊಲಿಸುವ ಒಬ್ಬರು ಟೀಚರ್‌ಗೆ ಕ್ಲೇಮು ತಿರಸ್ಕಾರ ಆಗಿತ್ತು, ಬೇರೆ ಪಾಲಿಸಿ. ಥೈರಾಯ್ಡ್ ಹೇಳಿರಲಿಲ್ಲ ಅಂತ ಕಾರಣ. ಅವರು ಹೇಳಿದ್ದರು, ಬರೆದವನು ಬರೆದಿರಲಿಲ್ಲ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾದು, ಆಮೇಲೆ ಬೆಂಗಳೂರು ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮೆ ಕಂಪನಿ ಮೇಲಿನ ದೂರು ಕೇಳುವ ಅಧಿಕಾರಿ) ಆಫೀಸಿಗೆ ಬರೆದರು. ಅದಕ್ಕೆ ಫೀಸಿಲ್ಲ, ಲಾಯರೂ ಬೇಡ. ದುಡ್ಡು ಬಂತು, ಆದರೆ ತಿಂಗಳುಗಟ್ಟಲೆ ಓಡಾಟ. ಅವರು ಹೇಳಿದ್ದು ಕೇಳಿದ ಮೇಲೆ ನನ್ನ ಫಾರಂ ಝೆರಾಕ್ಸನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಅಳತೆ ಪುಸ್ತಕದ ಜೊತೆ ಇಟ್ಟಿದ್ದೇನೆ.

ಐದಕ್ಕೆ ಎಷ್ಟು ಅಂತ ಕೇಳಿದರೆ ಪಾಲಿಸಿಗೆ ಮೂರೂವರೆ. ಡಿಸ್ಚಾರ್ಜ್ ದಿನಕ್ಕೆ ಒಂದು. ಏಜೆಂಟ್ ಮೈದುನನಿಗೆ ಎರಡು. ಅವನು ಇದನ್ನ ಓದುತ್ತಾನೆ, ಓದಲಿ. ಸಂಬಳದ ಕೆಲಸ ಇರುವವರಿಗೆ, ಕೈಯಲ್ಲಿ ಸ್ವಲ್ಪ ಜಾಸ್ತಿ ಇರುವವರಿಗೆ ಕೋ-ಪೇ ಇಲ್ಲದ, ರೂಮ್ ಮಿತಿ ಇಲ್ಲದ ಪಾಲಿಸಿಗಳು ಸಿಗುತ್ತವೆ, ಅವು ಇದಕ್ಕಿಂತ ಮೇಲು. ನಮ್ಮಂಥವರಿಗೆ ಹಾಸನದಂಥ ಊರಲ್ಲಿ ಐದು ಲಕ್ಷದ ಇದು ಸಾಕಾಯಿತು. ಹಾರ್ಟಿನದ್ದಾದರೆ ಹೇಗೂ ಮೈಸೂರಿನ ಜಯದೇವಕ್ಕೆ ಓಡುತ್ತೇವೆ.

ಅತ್ತೆ ವಿಷಯ ಬಾಕಿ ಇದೆ. ಅವರು ಊರಿನ ಹಾಲಿನ ಡೈರಿ ಸಂಘದ ಮೆಂಬರು. ಮಾವ ಇದ್ದಾಗ, 2003ರಲ್ಲಿ ಸಹಕಾರ ಸಂಘದವರ ಆರೋಗ್ಯ ಯೋಜನೆ ಯಶಸ್ವಿನಿ ಶುರುವಾದ ಹೊಸದರಲ್ಲಿ, ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ಕಟ್ಟಿ, ಆಮೇಲೆ ಅದರಲ್ಲೇ ಒಂದು ಆಪರೇಷನ್ ಮಾಡಿಸಿಕೊಂಡಿದ್ದರಂತೆ. 2018ರಲ್ಲಿ ನಿಂತಿತ್ತು, 2023ರ ಜನವರಿಯಿಂದ ಮತ್ತೆ ಬಂತು. ಈಗ ಹಳ್ಳಿಯ ಸಂಘದವರಿಗೆ ನಾಲ್ಕು ಜನರ ಮನೆಗೆ 500, ಪಟ್ಟಣದವರಿಗೆ 1,000. ಅತ್ತೆ ಅದರಲ್ಲಿದ್ದಾರೆ. ಆದರೆ ಏಪ್ರಿಲ್ 2024ರಿಂದ 65ರ ಮಿತಿ ಹೋಯಿತಲ್ಲ, ಮೈದುನ ಮೊನ್ನೆ ಬಂದು "ದೊಡ್ಡಮ್ಮನಿಗೂ ಮಾಡಿಸೋಣ ಅತ್ತಿಗೆ" ಅಂದ. ವರ್ಷಕ್ಕೆ 31 ಸಾವಿರ, ಶುಗರ್‌ಗೆ ಮೂರು ವರ್ಷ ಕಾಯಬೇಕು. ಅತ್ತೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ ಕೇಳಿದರು:

"ಮೂವತ್ತೊಂದ್ ಸಾವ್ರಕ್ಕೆ ಒಂದ್ ಕಡಸು ಬತ್ತದೆ ಕಣವ್ವ. ಅದು ಕರುನಾದ್ರೂ ಹಾಕ್ತದೆ. ಇವನ್ ಪಾಲಿಸಿ ಏನ್ ಹಾಕ್ತದೆ?"

ಮೈದುನ ನನ್ನ ಮುಖ ನೋಡಿದ. ನಾನು ಅವರೆಕಾಯಿ ಮೊರ ನನ್ನ ಕಡೆಗೆ ಎಳೆದುಕೊಂಡೆ.